ಗಟ್ಟಿ ಜೀವ

ಹೂಟಗಳ್ಳಿ, ಮೈಸೂರು
ತಾ. 6-2-1966, ಭಾನುವಾರ

ಚಿರಂಜೀವಿ ಸೌಭಾಗ್ಯವತಿ ಶಿವನಂಜಮ್ಮನಿಗೆ ನಿನ್ನ ಅವ್ವ ದೇವಿರಮ್ಮನ ಆಶೀರ್ವಾದಗಳು. ನಾನು, ನಿಮ್ಮಪ್ಪ, ನಿನ್ನ ತಮ್ಮ ಬಸವರಾಜು ಮೂವರೂ ಚೆನ್ನಾಗಿದ್ದೇವೆ. ಚಾಮರಾಜನಗರದಲ್ಲಿ ಅಳಿಯಂದಿರೂ ಮಗುವೂ ಸುಖವಾಗಿದ್ದಾರೆಂದು ನಂಬಿದ್ದೇನೆ.

ದೀಪಾವಳಿ ಕಳೆದ ವಾರದಲ್ಲೇ ನಿನ್ನ ಕಾಗದ ಬಂತು. ಉತ್ತರ ಬರೆಯಲು ಮೂರು ತಿಂಗಳಾಯಿತು, ಮನಸ್ಸಿಗೆ ಹಚ್ಚಿಕೊಳ್ಳಬೇಡ. ರಾಗಿ ಕೊಯ್ಲು, ಒಕ್ಕಣೆ, ಅದರ ಮೇಲೆ ಕೊಟ್ಟಿಗೆಯ ಫಜೀತಿ, ಹೀಗೆ ದಿನ ಹೋಯಿತು.

ರೇಷನ್ ಅಂಗಡಿಯ ಗೋಧಿ ನೆಚ್ಚಿಕೊಂಡು ಸಾಕಾಗಿದೆ, ಊರಾಚೆಯ ತುಂಡು ಭೂಮಿಯಲ್ಲಿ ಏನಾದರೂ ಸಾಕೋಣ ಎಂದು ಅಳಿಯಂದಿರು ಹೇಳುತ್ತಿದ್ದಾರೆ, ಯಾವ ಜಾತಿ ಬಾಳುತ್ತದೆ ಎಂದು ನೀನು ಕೇಳಿದ್ದೆ. ಒಂದು ವರ್ಷದಿಂದ ನಾವು ಏಟು ತಿಂದು ಕಲಿತದ್ದನ್ನೇ ಬರೆಯುತ್ತೇನೆ.

ಗಿರಣಿಯಲ್ಲಿ ಆಳು ಕಡಿಮೆ ಮಾಡಿದಾಗ ನಿಮ್ಮಪ್ಪನ ಕೆಲಸವೂ ಹೋಯಿತಲ್ಲ. ಅಶೋಕಪುರಂ ಮನೆ ಖಾಲಿ ಮಾಡಿ ಈ ಎರಡು ಎಕರೆ ಕೆಂಪು ನೆಲಕ್ಕೆ ಬಂದ ದಿನ ಅವರು ಒಂದೇ ಮಾತು ಹೇಳಿದರು: "ಇನ್ಮೇಲೆ ನಮ್ಮ ತಟ್ಟೆಗೆ ಬೀಳೋದು ನಮ್ಮ ನೆಲದ್ದೇ ಆಗ್ಬೇಕು ಕಣೆ. ಯಾರ ಬಾಗಿಲಲ್ಲೂ ಸಾಲು ನಿಲ್ಲೋದು ಬ್ಯಾಡ." ಬಸವನಿಗೆ ಅದು ಹಿಡಿಸಿಬಿಟ್ಟಿತು. ಸರ್ಕಾರದವರು ಹಂಚಿದ ಪುಸ್ತಕ ಓದಿ ಇಪ್ಪತ್ತು ಬಿಳಿ ಸೀಮೆ ಕೋಳಿ ತಂದ. ಹಿಂದೆಯೇ ಒಂದು ಸೀಮೆ ಹಸುವಿನ ಕಡಸೂ ಬಂತು. ನನ್ನ ಆಸೆ ಬೇರೆ ಇತ್ತು. ನಾಲ್ಕು ನಾಟಿ ಕೋಳಿ, ಒಂದು ಮೇಕೆ, ಎರಡು ಬನ್ನೂರು ಕುರಿ ಕೇಳಿದ್ದೆ. ನಿಮ್ಮಪ್ಪ ಇಬ್ಬರ ಮಾತನ್ನೂ ನಡೆಸಿಕೊಟ್ಟರು.

ಬಿಳಿ ಕೋಳಿಗಳು ಮೊದಮೊದಲು ದಿನಕ್ಕೊಂದು ಮೊಟ್ಟೆ ಇಟ್ಟವು. ನಾವು ಹಿಗ್ಗಿದೆವು. ಆಷಾಢದ ಶೀತಗಾಳಿಗೆ ಕೊಕ್ಕರೆ ರೋಗ ಬಂತು ನೋಡು, ಐದು ದಿನಕ್ಕೆ ಗೂಡೇ ಬರಿದಾಯಿತು. ಗುಂಡಿ ತೋಡಿ ಹೂಳುವಾಗ ಬಸವ ಯಾರ ಮುಖವನ್ನೂ ನೋಡಲಿಲ್ಲ. ನಾಟಿಯವುಗಳಲ್ಲೂ ಎರಡು ಹೋದವು. ಉಳಿದೆರಡು ಬೇಲಿ ಬುಡದಲ್ಲಿ ತಾವೇ ಕೆದಕಿ ತಿಂದುಕೊಂಡು, ಕಾವು ಕೂತು, ಈಗ ಹದಿಮೂರು ಮರಿ ಹಿಂದಿಟ್ಟುಕೊಂಡು ಓಡಾಡುತ್ತಿವೆ. ಸೀಮೆ ಕೋಳಿ ಕಾವಿಗೆ ಕೂರುವುದೇ ಇಲ್ಲವಂತೆ. ಮುಂದಿನ ಸಂತಾನಕ್ಕೂ ಪೇಟೆಗೇ ಹೋಗಬೇಕಾದರೆ ನಮ್ಮಂಥವರಿಗೆ ಅದು ಯಾತಕ್ಕೆ?

ಮೇಕೆಯನ್ನು ಕಣ್ಣು ಮುಚ್ಚಿಕೊಂಡು ತಗೋ. ಸೊಪ್ಪು, ಮುಳ್ಳು, ಗೋಡೆಗೆ ಅಂಟಿಸಿದ ಕಾಗದ ಯಾವುದನ್ನೂ ಬಿಡುವುದಿಲ್ಲ. ಮಗುವಿಗೆ ಎರಡು ಹೊತ್ತಿನ ಹಾಲಿಗೆ ಮೋಸವಿಲ್ಲ. ಹಸು ಬೇಕೇ ಬೇಕೆಂದರೆ ನಾಟಿ ಹಸುವೇ ಆಗಲಿ. ಹಾಲು ಕಡಿಮೆ, ನಿಜ. ಆದರೆ ಒಣ ರಾಗಿಹುಲ್ಲು ತಿಂದು ಬಿಸಿಲಲ್ಲಿ ನಿಲ್ಲುತ್ತದೆ.

ಕುರಿಯ ವಿಷಯ ಸ್ವಲ್ಪ ಉದ್ದವಾಗಿದೆ.

ಕುರಿ ಆರಿಸಿಕೊಟ್ಟವರು ಪಕ್ಕದ ಹೊಲದ ಚಾಮಯ್ಯ. ಮೂವತ್ತು ವರ್ಷ ಮಂದೆ ಕಾದವರು. ಗಿಡ್ಡ ಕಾಲು, ಅಗಲ ಬೆನ್ನು, ನೆಲಕ್ಕೆ ಅಂಟಿಕೊಂಡಂತೆ ನಿಲ್ಲುವ ಎರಡು ಹೆಣ್ಣು ಕುರಿ ಹಿಡಿದುಕೊಟ್ಟು, "ಇವಕ್ಕೆ ನೀವೇನೂ ಮಾಡ್ಬೇಕಾಗಿಲ್ಲ ಕಣವ್ವ, ಎಂಗೋ ಬದೀಕೋತವೆ" ಎಂದಿದ್ದರು. ಹಾಗೆಯೇ ಆಯಿತು. ಒಂದು ದಿನವೂ ಕೆಮ್ಮಲಿಲ್ಲ, ಕುಂಟಲಿಲ್ಲ. ದೊಡ್ಡ ಕುರಿ ಮಾರ್ಗಶಿರದಲ್ಲಿ ತಾನೇ ಈದು, ಮರಿಯನ್ನು ನೆಕ್ಕಿ, ಬೆಳಗಾಗುವಷ್ಟರಲ್ಲಿ ಎದ್ದು ನಿಂತಿತ್ತು.

ಅದೇ ವಾರ ಸೀಮೆ ಕಡಸಿಗೆ ಜ್ವರ ಬಂತು. ಅದು ಒಂದೇ ಸಮನೆ ಅರಚುತ್ತಿತ್ತು. ನಾನು, ಬಸವ ಸರದಿಯ ಮೇಲೆ ಅದರ ಪಕ್ಕ ಕೂತೆವು. ಗಂಜಿ ಕುಡಿಸಿದೆವು, ಒದ್ದೆ ಗೋಣಿ ಹೊದಿಸಿದೆವು, ಮೇಟಗಳ್ಳಿಯಿಂದ ದನದ ಡಾಕ್ಟರನ್ನು ಕರೆಸಿ ಸೂಜಿ ಹಾಕಿಸಿದೆವು. ಈದ ಕುರಿ ಮೂಲೆಯಲ್ಲಿ ತಲೆ ತಗ್ಗಿಸಿ ನಿಂತಿತ್ತು. ನೋಡಿದೆ, ಮುಂದೆ ಹೋದೆ. ಮಾರನೆಯ ದಿನ ಹುಲ್ಲು ಹಾಗೇ ಉಳಿದಿತ್ತು. ಅದನ್ನೂ ನೋಡಿದೆ. ಗಟ್ಟಿ ಜಾತಿ, ಏನಾಗುತ್ತದೆ ಎಂದುಕೊಂಡೆ.

ಮೂರನೆಯ ದಿನ ಮರಿ ಹಸಿದು ಕೂಗಿದಾಗ ಕೆಚ್ಚಲು ಮುಟ್ಟಿದೆ. ಕಲ್ಲಾಗಿತ್ತು. ಒಂದು ಕಡೆ ಕಪ್ಪಗೆ ತಿರುಗಿತ್ತು. ಚಾಮಯ್ಯ ಓಡಿ ಬಂದು ನೋಡಿದರು, ತಲೆಯಾಡಿಸಿದರು.

"ಮೂರು ದಿನದಿಂದ ಬೆಂಕಿ ಹೊತ್ಕೊಂಡಂಗೆ ನಿಂತದೆ ಕಣವ್ವ. ನೀವು ನೋಡ್ಲಿಲ್ವಾ?"

"ಒಂದು ಸಲವೂ ಕೂಗ್ಲಿಲ್ಲವಲ್ಲ ಚಾಮಯ್ಯ."

"ಇವು ಕೂಗಕ್ಕಿಲ್ಲ. ನೋವು ತೋರ್ಸಕ್ಕಿಲ್ಲ. ಅದ್ಕೇ ಇಂಥವನ್ನ ದಿನಾ ಕೈಯಾಕಿ ಮುಟ್ಟಿ ನೋಡ್ಬೇಕು. ನಾನೂ ನಿಮ್ಗೆ ಏಳ್ಬೇಕಾಗಿತ್ತು, ಏಳ್ದೆ ಓದೆ."

ಮಧ್ಯಾಹ್ನದ ಹೊತ್ತಿಗೆ ಅದು ಕಾಲು ಮಡಚಿ ಮಲಗಿತು, ಮತ್ತೆ ಏಳಲಿಲ್ಲ. ಕಡಸು ಉಳಿಯಿತು. ಈಗ ಚೆನ್ನಾಗಿ ಮೇಯುತ್ತಿದೆ, ನನ್ನನ್ನು ಕಂಡರೆ ಕಿವಿ ನಿಮಿರಿಸುತ್ತದೆ. ತಬ್ಬಲಿ ಮರಿಗೆ ಮೇಕೆ ಹಾಲು ಕೊಡುತ್ತಿದೆ. ಬಸವ ಮೊದಲ ಎರಡು ವಾರ ಮೇಕೆಯ ಕೊಂಬು ಹಿಡಿದು ನಿಲ್ಲಬೇಕಾಯಿತು. ಈಗ ಮೇಕೆ ತಾನೇ ಮರಿಯನ್ನು ಕರೆಯುತ್ತದೆ.

ಹೀಗಾಗಿ ಅಳಿಯಂದಿರಿಗೆ ಹೇಳು: ಬನ್ನೂರು ಕುರಿ ತನ್ನಿ, ನಾಟಿ ಕೋಳಿ ತನ್ನಿ, ಮೇಕೆ ತನ್ನಿ. ತಂದ ಮೇಲೆ ದಿನಕ್ಕೊಂದು ಸಲ ಒಂದೊಂದನ್ನೂ ಮುಟ್ಟಿ ನೋಡಿ.

ನಿಮ್ಮಪ್ಪ ಆಶೀರ್ವಾದ ತಿಳಿಸಿದ್ದಾರೆ. ಈ ಸಲ ರಾಗಿ ಯುಗಾದಿ ದಾಟಿ ಬರುತ್ತದೆಂದು ಅವರಿಗೆ ಸಮಾಧಾನ. ಮಗುವಿಗೆ ನನ್ನ ಮುತ್ತು. ಚಾಮುಂಡಿ ತಾಯಿ ನಿಮ್ಮೆಲ್ಲರನ್ನೂ ತಣ್ಣಗಿಟ್ಟಿರಲಿ.

ಇಂತಿ ನಿನ್ನ ಅವ್ವ,
ದೇವಿರಮ್ಮ

ತಾ. ಕ.: ಕಾಗದ ಮಡಚಿ ಮತ್ತೆ ಬಿಚ್ಚಿದ್ದೇನೆ. ಬಸವನಿಗೆ ಎರಡು ವರ್ಷವಾಗಿದ್ದಾಗ ಉಬ್ಬಸ ಬಂದು ಉಳಿಯುವುದೇ ಕಷ್ಟವೆಂದಾಗ, ನಿನ್ನನ್ನು ಮಳವಳ್ಳಿಯ ದೊಡ್ಡವ್ವನ ಮನೆಗೆ ಕಳಿಸಿದೆ. ನಿನಗೆ ಐದು ವರ್ಷ. ಎರಡು ತಿಂಗಳು ಎಂದಿದ್ದೆ, ನಿನ್ನ ಮದುವೆಯವರೆಗೂ ಹದಿಮೂರು ವರ್ಷವಾಯಿತು. ಕೇಳಿದವರಿಗೆಲ್ಲ "ನಂಜು ಗಟ್ಟಿ, ಎಲ್ಲಿದ್ರೂ ಬೆಳೀತಾಳೆ" ಎನ್ನುತ್ತಿದ್ದೆ. ಬಸ್ಸು ಹತ್ತುವಾಗ ನೀನು ಅಳಲಿಲ್ಲ. ನನಗದು ನೆಮ್ಮದಿಯಾಗಿತ್ತು. ಹಬ್ಬಕ್ಕೆ ಬಂದರೆ ನೀನು ನೆಂಟರಂತೆ ಗೋಡೆ ಬದಿಗೆ ಕೂತು, ಬಡಿಸಿದ್ದನ್ನು ಉಂಡು ಹೋಗುತ್ತಿದ್ದೆ. ಮದುವೆಯ ದಿನ ನೀನು ದೊಡ್ಡವ್ವನನ್ನು ತಬ್ಬಿಕೊಂಡು ಅತ್ತೆ. ನನ್ನ ಕಾಲಿಗೆ ನಮಸ್ಕಾರ ಮಾಡಿದೆ, ಅಷ್ಟೇ. ನಿನಗೆ ನೋವಾಯಿತೇ ಎಂದು ಈ ಹತ್ತೊಂಬತ್ತು ವರ್ಷದಲ್ಲಿ ನಾನು ಒಮ್ಮೆಯೂ ಕೇಳಲಿಲ್ಲ. ಈಗ ಕೇಳುತ್ತಿದ್ದೇನೆ ನಂಜು. ಬೈದು ಬರೆದರೂ ಸರಿ. ಏನೂ ಇಲ್ಲ ಅವ್ವ, ಚೆನ್ನಾಗಿದ್ದೀನಿ ಎಂದು ಮಾತ್ರ ಬರೆಯಬೇಡ.