ಈಶಾನ್ಯದ ಸ್ಲೋಪು

ಸೆಪ್ಟೆಂಬರ್ 26, ಗುರುವಾರ
ನಾನು ಉಚ್ಚಂಗಮ್ಮ, ಎಸ್ಸೆಸ್ಸೆಲ್ಸಿ ಪಾಸು. ಮತ್ತೋಡು ಊರಿನ ಈ ಮನೆಯಲ್ಲಿ ಮೂವತ್ತು ವರ್ಷದಿಂದ ನನ್ನ ಮಾತೇ ನಡೆದಿದೆ. ಹೊಸ ತಾರಸಿಗೆ ಇಂದು ಸ್ಲೋಪು. ಇಳಿಜಾರು ಎಂದು ಈಗ ಯಾರೂ ಅನ್ನುವುದಿಲ್ಲ. ಬಚ್ಚಲಿಗೂ ಸ್ಲೋಪು, ಬಾಗಿಲಲ್ಲಿ ಬೈಕು ಹತ್ತಿಸುವುದಕ್ಕೂ ಸ್ಲೋಪು, ಮಾರಿಕಣಿವೆ ರಸ್ತೆಯ ಇಳಿತವೂ ಸ್ಲೋಪು.

ಗಾರೆ ಕೆಲಸದ ಮುದ್ದಣ್ಣ ಕೇಳಿದ: "ಅಮ್ಮಾರೆ, ಅಂಗಳದ ಕಡೀಕೆ ಕೊಡ್ಲಾ? ಈಶಾನ್ಯದಾಗೆ ಕಮಲಮ್ಮಾರ ಮಣ್ಣಿನ ಗೋಡೆ ಐತೆ."

"ವಾಸ್ತು ಪ್ರಕಾರ ನೀರು ಈಶಾನ್ಯಕ್ಕೇ ಹೋಗ್ಬೇಕು. ಕೊಡಪ್ಪ."

ಕಮಲಮ್ಮ ನನ್ನ ವಾರಗಿತ್ತಿ. ಗಂಡ ಹೋದ ಮೇಲೆ ಒಬ್ಬಳೇ. ಆಸ್ತಿ ಪಾಲಾದಾಗಿನಿಂದ ನಮ್ಮಿಬ್ಬರಿಗೆ ಮಾತಿಲ್ಲ — ಒಂಬತ್ತು ವರ್ಷ.

ಸೆಪ್ಟೆಂಬರ್ 28, ಬೆಳಿಗ್ಗೆ 7
ಮುದ್ದಣ್ಣ ಬಿಂದಿಗೆ ನೀರು ಸುರಿದು ತೋರಿಸಿದ. ಎಲ್ಲೂ ನಿಲ್ಲಲಿಲ್ಲ. ನೆಟ್ಟಗೆ ಈಶಾನ್ಯಕ್ಕೆ. ಒಳ್ಳೆಯ ಕೆಲಸ.

ಅಕ್ಟೋಬರ್ 9
ನಿನ್ನೆ ಸಂಜೆ ಮಳೆ. ಇಂದು ಗೋಡೆಯಾಚೆ ಕಮಲಮ್ಮನದು ತನ್ನ ಎಮ್ಮೆಯೊಂದಿಗೆ ಮಾತು, ನನಗೆ ಕೇಳುವಷ್ಟು ಜೋರಾಗಿ.

"ನೋಡವ್ವಾ, ನಮ್ಮಕ್ಕಾರು ಗಂಗಮ್ಮನ್ನ ನಮ್ಮನಿಗೇ ಕಳಿಸ್ಯಾರೆ. ಅರಿಶಿನ ಕುಂಕುಮ ಕೊಟ್ಟು ಒಳೀಕೆ ಕರ್ಕಳಾಣ!"

ಸೊಸೆ ರಂಜಿತಾ ನಕ್ಕಳು. ಗದರಿದೆ.

ಅಕ್ಟೋಬರ್ 16
ವಾರದಿಂದ ಬಿಡದ ಮಳೆ.

"ಅತ್ತೇ, ಅವರ ಗೋಡೆ ಒಳೀಕೆ ವಾಲೈತೆ. ಅದರ ಮಗ್ಗುಲಾಗೇ ಅವರು ಮಲಗಾದು," ಎಂದಳು ರಂಜಿತಾ.

"ಹಳೇ ಗೋಡೆ, ವಾಲ್ತೈತೆ."

"ನಮ್ಮ ನೀರು ಬಿದ್ದೇ ವಾಲಿದ್ದು. ನೀವೇ ನೋಡ್ರಿ."

ತಾರಸಿಯಿಂದ ನೋಡಿದೆ. ಬುಡ ಕರಗಿದೆ. ಗೇಣಷ್ಟು ವಾಲಿದೆ. ಸ್ಲೋಪು ತಿರುಗಿಸಿದರೆ ನನ್ನ ಮಾತು ತಪ್ಪೆಂದು ಬೀದಿಗೆಲ್ಲ ಗೊತ್ತಾಗುತ್ತದೆ. ತಿರುಗಿಸದಿದ್ದರೆ...

ಅಕ್ಟೋಬರ್ 17, ಮಧ್ಯಾಹ್ನ 12
ಬೆಳಿಗ್ಗೆಯೇ ಮುದ್ದಣ್ಣನಿಗೆ ಫೋನ್. "ಒಡೆದು ಅಂಗಳಕ್ಕೆ ತಿರುಗಿಸು."

"ವಾಸ್ತು, ಅಮ್ಮಾರೆ?"

"ನಾನು ಹೇಳಿದ್ದು ತಪ್ಪು."

ಅರ್ಧ ಗಂಟೆಯಲ್ಲಿ ಸುತ್ತಿಗೆ ಹಿಡಿದು ಬಂದ.

ಆಮೇಲೆ ಕಮಲಮ್ಮನ ಬಾಗಿಲಿಗೆ ಹೋದೆ.

"ಏನಕ್ಕಾ, ದಾರಿ ತಪ್ಪಿದ್ರಾ?"

"ಈ ಗೋಡೆ ನಿಲ್ಲಲ್ಲ. ಹಾಸಿಗೆ ಸುತ್ತು. ಹೋಗಾಣ."

"ನಾನ್ಯಾಕೆ ಬರ್ಲಿ? ನಿಮ್ಮ ಮನೀಗೆ?"

ನಾನೇ ಸುತ್ತಿ ಹೊತ್ತುಕೊಂಡು ಹೊರಟೆ. ಬೀದಿ ನೋಡಿತು. ಅವಳು ಬೈಯುತ್ತಾ ಹಿಂದೆಯೇ ಬಂದಳು.

ಹಾಸಿಗೆ ಪಡಸಾಲೆಯಲ್ಲಿ ನನ್ನ ಮಂಚದ ಪಕ್ಕ ಹಾಸಿದ್ದೇನೆ. ಮೇಲೆ ಸ್ಲೋಪು ಒಡೆದಾಯಿತು. ಅವಳ ಗೋಡೆ ಇಟ್ಟಿಗೆಯಲ್ಲಿ ಕಟ್ಟಿಸಲು ಮುದ್ದಣ್ಣನಿಗೆ ಹೇಳಿದ್ದೇನೆ.