ತಲೆಯ ಕೆಳಗಿನ ಕೈ

ಮಂಗಳವಾರ, ಮಧ್ಯಾಹ್ನ

ಪ್ರೀತಿಯ ಅಮ್ಮನಿಗೆ,

ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಚೆನ್ನಾಗಿದ್ದೇವೆ. ಇದನ್ನು ಎರಡು ಸಲ ಓದಿಕೊಂಡು ಮುಂದಕ್ಕೆ ಹೋಗು. ಇಲ್ಲದಿದ್ದರೆ ನಿನಗೆ ಬಿ.ಪಿ. ಏರುತ್ತದೆ, ಅತ್ತಿಗೆಯಿಂದ ನನಗೆ ಬೈಗುಳ.

ನಿನ್ನ ಮೊಮ್ಮಗಳು ಕಡ್ಡಿಯನ್ನು ಇವರ ಆಫೀಸಿನ ಹತ್ತಿರದ ಶಾಲೆಗೆ ಸೇರಿಸಿದ್ದೇನೆ ಎಂದು ಫೋನಿನಲ್ಲಿ ಹೇಳಿದ್ದು ಸುಳ್ಳು. ಕಾಲುವೆ ಪಕ್ಕದ ಹೊಸ ಶಾಲೆಗೇ ಸೇರಿಸಿದ್ದೇವೆ. ನಮ್ಮ ಬೀದಿಯ ಮಕ್ಕಳೂ ಆಚೆ ಬೀದಿಯ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರುವ ಶಾಲೆ ಅದು. ಹೋದ ವರ್ಷದ ಗಲಾಟೆಯಲ್ಲಿ ಅಪ್ಪನ ಹೊಲಿಗೆ ಅಂಗಡಿ ಸುಟ್ಟುಹೋಗಿ ನೀನು ಅಣ್ಣನ ಮನೆಗೆ ಹೊರಟಾಗ, ಆ ಜನರ ನೆರಳೂ ಮಗುವಿನ ಮೇಲೆ ಬೀಳಕೂಡದು ಅಂದಿದ್ದೆ. ಮರೆತಿಲ್ಲ. ಆದರೆ ಅವಳು ಕಿಟಕಿ ಮುಚ್ಚಿದ ಮನೆಯೊಳಗೆ ಬೆಳೆಯುವುದನ್ನು ನನ್ನಿಂದ ನೋಡಲಾಗಲಿಲ್ಲ.

ಅಲ್ಲಿ ಈಜುಕೊಳವಿದೆ, ಈಜು ಎಲ್ಲರಿಗೂ ಕಡ್ಡಾಯ. ಕಲಿಸುವವರ ಕೊರಳಲ್ಲಿ ಸದಾ ಸೀಟಿ ನೇತಾಡುತ್ತಿರುತ್ತದೆ, ಹಾಗಾಗಿ ಮಕ್ಕಳ ಬಾಯಲ್ಲಿ ಅವರು ಸೀಟಿ ಟೀಚರ್. ಈ ಬೀದಿಯ ಒಂದು ಮಗು, ಆ ಬೀದಿಯ ಒಂದು ಮಗು ಎಂದು ಜೋಡಿ ಮಾಡುವವರೂ ಅವರೇ. ಒಬ್ಬರು ನೀರಿನ ಮೇಲೆ ಅಂಗಾತ ಮಲಗಬೇಕು, ಇನ್ನೊಬ್ಬರು ತಲೆಯ ಕೆಳಗೆ ಕೈಯಿಟ್ಟು ಹಿಡಿದಿರಬೇಕು.

ಹೋದ ತಿಂಗಳು ಮೊದಲ ಪಾಠದಲ್ಲಿ ಕಡ್ಡಿಗೆ ಸಿಕ್ಕ ಜೋಡಿ ಯಾರು ಗೊತ್ತೇ? ಗಡಿಯಾರ ರಿಪೇರಿಯವನ ಮಗಳು. ಹೌದು, ಅವನೇ. ಅಂಗಡಿ ಸುಟ್ಟ ದಿನ ಗುಂಪಿನ ಮುಂದೆ ನಿಂತಿದ್ದವನು.

ಜೋಡಿ ಬದಲಿಸಿ ಎಂದು ಕೇಳಲು ನಾನು ಟೀಚರ ಬಳಿ ಓಡಿದೆ. ಅದನ್ನೇ ಕೇಳಲು ಅವನು ನನಗಿಂತ ಮೊದಲೇ ಬಂದು ನಿಂತಿದ್ದ! ಟೀಚರು ಇಬ್ಬರನ್ನೂ ಮೇಲಿಂದ ಕೆಳಗೆ ನೋಡಿದರು.

"ಒಟ್ಟಿಗೆ ಬಾಳ್ಬೇಕು ಅಂತ ಬೋರ್ಡ್ ಮೇಲೆ ಬರೆದ್ರೆ ನಿಮ್ಗೆ ಒಪ್ಗೆ, ನೀರಲ್ಲಿ ಕಲಿಸಿದ್ರೆ ಬೇಡ್ವಾ? ಹೋಗಿ, ಮೆಟ್ಲ ಮೇಲೆ ಕೂತ್ಕೊಳ್ಳಿ."

ಬೈಸಿಕೊಂಡ ಮಕ್ಕಳಂತೆ ಹೋಗಿ ಕೂತೆವು. ಅವನು ಆ ತುದಿ, ನಾನು ಈ ತುದಿ.

ಕಡ್ಡಿ ಮಲಗಿದಳು. ಆ ಹುಡುಗಿಯ ಕೈ ಜಾರಿತು. ನನ್ನ ಮಗುವಿನ ಮುಖ ನೀರೊಳಗೆ ಹೋಯಿತು, ಅಮ್ಮ. ನಾನು ಎದ್ದೆ. ಕೂಗಿದವನು ಅವನು.

"ತಲೆ ಹಿಡಿ! ತಲೆ ಹಿಡಿ ಮಗಳೇ, ಬಿಡ್ಬೇಡ!"

ಟೀಚರು ತಲುಪುವಷ್ಟರಲ್ಲಿ ಹುಡುಗಿ ಕಡ್ಡಿಯನ್ನು ತಬ್ಬಿ ಮೇಲೆತ್ತಿದ್ದಳು. ಇವಳು ಕೆಮ್ಮಿ, ಮೂಗು ಒರೆಸಿಕೊಂಡು, "ಇನ್ನೊಂದ್ಸಲ" ಅಂದಳು. ಅಳುತ್ತಿದ್ದವಳು ಆ ಹುಡುಗಿ.

ಎರಡನೇ ಸಲ ತೇಲಿದಳು. ಆಮೇಲೆ ಹಿಡಿಯುವ ಸರದಿ ನಮ್ಮವಳದು. ಆಗ ಅವನ ಕಡೆ ನೋಡಿದೆ. ಅವನು ಮೆಟ್ಟಿಲಿಳಿದು ನೀರಿನ ಅಂಚಿಗೇ ಬಂದು ನಿಂತಿದ್ದ. ನನ್ನ ಮಗಳು ಬೇಕೆಂದೇ ಕೈ ಬಿಟ್ಟಾಳು ಎಂದು ಹೆದರಿದ್ದ. ನಿಜ ಹೇಳಲೇ? ಆ ಭಯ ಒಂದು ಗಳಿಗೆ ನನಗೂ ಬಂತು. ಮನೆಯಲ್ಲಿ ನಾವು ಆಡಿದ ಮಾತುಗಳೆಲ್ಲ ಅವಳ ಕಿವಿಗೆ ಬಿದ್ದಿವೆಯಲ್ಲ. ಆದರೆ ಕಡ್ಡಿ ನಾಲಿಗೆ ಕಚ್ಚಿಕೊಂಡು, ಹಸುಗೂಸನ್ನು ಹಿಡಿದ ಹಾಗೆ ಆ ತಲೆ ಹಿಡಿದಿದ್ದಳು. ನನಗೆ ಉಸಿರು ಬಂತು. ಮಡಿಲಲ್ಲಿದ್ದ ಟವೆಲ್‌ನಲ್ಲೇ ಮುಖ ಮುಚ್ಚಿಕೊಂಡು ಅತ್ತೆ.

ಹೊರಡುವಾಗ ಅವನು ನೆಲ ನೋಡುತ್ತಲೇ, "ನಿಮ್ಮ ಮಗೂದು ಕೈ ಗಟ್ಟಿ" ಅಂದ. ಅಂಗಡಿಯ ವಿಷಯ ಎತ್ತಲಿಲ್ಲ. ನಾನೂ ಕೇಳಲಿಲ್ಲ. ಒಂದು ದಿನ ಕೇಳುತ್ತೇನೆ. ಆದರೆ ಮಗುವನ್ನು ಶಾಲೆಗೆ ಬಿಟ್ಟು ಬರುವಾಗ ನಾನೀಗ ಹಿಂತಿರುಗಿ ನೋಡುವುದಿಲ್ಲ. ಅದನ್ನು ನಿನಗೆ ಹೇಳಬೇಕಿತ್ತು. ಸಿಟ್ಟು ಇಳಿದ ಮೇಲೆ ಬಂದು ನೋಡು.

ನಿನ್ನ ಮಗಳು

ತಾ.ಕ.: ಇದನ್ನು ಬರೆಯಬಾರದು ಅಂದುಕೊಂಡಿದ್ದೆ. ಭಾನುವಾರ ತಾಯಂದಿರಿಗೂ ಈಜು ಕಲಿಸುತ್ತಾರೆ, ನಾನೂ ಸೇರಿದ್ದೇನೆ. ಹೆದರಬೇಡ, ನೀರು ಎದೆಮಟ್ಟ ಅಷ್ಟೆ. ನನ್ನ ತಲೆ ಹಿಡಿಯುವವಳು ಗಡಿಯಾರದವನ ಹೆಂಡತಿ. ಮೊದಲ ವಾರ ಅವಳ ಮುಖ ನೋಡಬಾರದೆಂದು ಹಟ ಹಿಡಿದಿದ್ದೆ. ಆದರೆ ಅಂಗಾತ ಮಲಗಿದರೆ ಕಾಣುವುದು ಅವಳ ಮುಖ ಒಂದೇ, ಅಮ್ಮ.