ತಾತನನ್ನು ಸಿಯಾಟಲ್‌ಗೆ ಸಾಗಹಾಕುವ ಬಗ್ಗೆ

ಸಿನ್ಸಿನಾಟಿ
ಜುಲೈ 30, ಬೆಳಿಗ್ಗೆ

ನಮ್ಮ ಬೇಸ್‌ಬಾಲ್ ತಂಡದ ಹಿರಿತಲೆ, ಸೊಟ್ಟ ಬೆರಳುಗಳ ಒಡೆಯ, ಕ್ಯಾಚರ್ ವರ್ಲಿನ್ ತಾತನವರ ಸನ್ನಿಧಿಗೆ,

ನಿಮ್ಮ ಶೂಗೆ ಶೇವಿಂಗ್ ಕ್ರೀಮ್ ತುಂಬಿದವರಾರೆಂಬ ವಿಚಾರಣೆಯನ್ನು ಸದ್ಯಕ್ಕೆ ಮುಂದೂಡಬೇಕಾಗಿ ಪ್ರಾರ್ಥನೆ. ಇದು ಅದಕ್ಕಿಂತ ಗಂಭೀರ ವಿಷಯ.

ನಿನ್ನೆ ಮ್ಯಾನೇಜರ್ ಕೋಣೆಯ ಬಾಗಿಲು ಸರಿಯಾಗಿ ಮುಚ್ಚಿರಲಿಲ್ಲ. ನನ್ನ ಕಿವಿಯೂ. ಈ ಸಲ ಕಪ್ ಗೆಲ್ಲುವ ಲಕ್ಷಣವಿರುವ ಸಿಯಾಟಲ್ ತಂಡ ನಿಮ್ಮನ್ನು ಕೇಳುತ್ತಿದೆ. ಆಟಗಾರರ ಅದಲುಬದಲಿಗೆ ನಾಳೆ ಸಂಜೆಯೇ ಗಡುವು. ಇಷ್ಟು ವರ್ಷ ಒಂದೇ ತಂಡದಲ್ಲಿ ಸವೆದವರನ್ನು ಅವರ ಒಪ್ಪಿಗೆಯಿಲ್ಲದೆ ಕೊಡುವಂತಿಲ್ಲ ಎಂಬ ನಿಯಮವಿದೆಯಲ್ಲ, ಅದನ್ನು ಹಿಡಿದುಕೊಂಡು ನೀವು ಹೇಳಿದ್ದೂ ಕೇಳಿಸಿತು: "ಆಗಲ್ಲ. ಆ ಕೋತಿ ಇನ್ನೂ ಹಸಿ. ನಾನು ಹೋದ್ರೆ ಅವನ ಎಸೆತ ಯಾರು ಹಿಡೀತಾರೆ? ಅವನನ್ನ ಯಾರು ಹಿಡೀತಾರೆ?"

ಕೋತಿಯೆಂದರೆ ನಾನೇ ಎಂದು ವಿನಯದಿಂದ ಊಹಿಸಿದ್ದೇನೆ.

ತಾತ, ನಿಮಗೆ ಮೂವತ್ತೆಂಟು. ಕೂತರೂ ಎದ್ದರೂ ಮಂಡಿ ಪಾಪ್‌ಕಾರ್ನ್‌ನಂತೆ ಸಿಡಿಯುತ್ತದೆ. ಕಪ್ ಗೆದ್ದವರಿಗೆ ಕೊಡುವ ಉಂಗುರ ನಿಮ್ಮ ಬೆರಳಿಗೆ ಇನ್ನೂ ಬಂದಿಲ್ಲ. ಮೊನ್ನೆ ನಿಮ್ಮ ಮನೆಯಲ್ಲಿ ಸ್ಪಗೆಟಿ ಮೇಲೆ ಚಿಲಿ ಎಂಬ ಮಾಂಸದ ಸಾರು ಸುರಿಯುತ್ತ ನಿಮ್ಮ ಮನೆಯೊಡತಿ ಲೋರ್ನಾ ಅಂದರಲ್ಲ, "ಆ ಉಂಗುರ ಒಂದ್ಸಲ ಇವರ ಕೈಲಿ ನೋಡ್ಬೇಕು ಕಣೋ ಕ್ವಿನ್ಸಿ, ಆಮೇಲೆ ಜೀವನಪೂರ್ತಿ ಹಿತ್ತಲಲ್ಲಿ ಹುಲ್ಲು ಕತ್ತರಿಸ್ಲಿ" ಅಂತ. ನೀವು ನಗಲಿಲ್ಲ. ತಟ್ಟೆ ನೋಡುತ್ತಿದ್ದಿರಿ.

ಮಂಗಳವಾರದ ಪಂದ್ಯ ನೆನಪಿಸಿಕೊಳ್ಳಿ. ನೀವು ಬೆರಳ ಸನ್ನೆಯಲ್ಲಿ ಕೇಳಿದ ಎಸೆತಕ್ಕೆ ನಾನು ಬೇಡವೆಂದು ತಲೆಯಾಡಿಸಿದೆ. ಮತ್ತೆ ತೋರಿಸಿದಿರಿ, ಮತ್ತೆ ಆಡಿಸಿದೆ. ನನ್ನಿಷ್ಟದ್ದನ್ನೇ ಎಸೆದೆ, ಬ್ಯಾಟುಗಾರ ಗಾಳಿಗೆ ಹೊಡೆದು ಔಟಾಗಿ ಹೋದ. ನಾನು ನಿಂತು ಎಸೆಯುವ ದಿಬ್ಬದವರೆಗೆ ನೀವು ಕುಂಟುತ್ತ ಬಂದು, "ಲೋ, ಆ ಟೋಪಿ ಕೆಳಗೆ ತಲೆ ಇದೆ ಅಂತ ನಂಗೆ ಯಾರೂ ಹೇಳೇ ಇರ್ಲಿಲ್ಲ!" ಅಂದಿರಿ. ಆ ಮಾತನ್ನೇ ನನ್ನ ಪದವಿ ಪ್ರದಾನವೆಂದು ಪರಿಗಣಿಸಿದ್ದೇನೆ. ಪಾಠ ಮುಗಿದಿದೆ. ಒಪ್ಪಿಗೆ ಕೊಡಿ.

ನನಗೆ ಯಾವ ಹೆದರಿಕೆಯೂ ಇಲ್ಲವೆಂದು ಈ ಮೂಲಕ ಪ್ರಮಾಣೀಕರಿಸುತ್ತೇನೆ. ಅಕ್ಷರ ನಡುಗಿದ್ದರೆ ಅದು ಪೆನ್ನಿನ ತಪ್ಪು.

ಎಲ್ಲಿದ್ದರೂ ನಿಮ್ಮ ಬೈಗುಳಕ್ಕೆ ಬದ್ಧನಾದ,
ಕ್ವಿನ್ಸಿ ಟಾಲಿವರ್, ಪಿಚರ್ (ಉರುಫ್ ಕೋತಿ)

ತಾ.ಕ.: ಇವತ್ತು ನಿಮ್ಮ ಕೈಗವಸು ಹುಡುಕಬೇಡಿ. ವರ್ಷಗಟ್ಟಲೆ ಎಣ್ಣೆ ತಿಕ್ಕಿ ಪಳಗಿಸಿ, ಅದಿಲ್ಲದೆ ಚೆಂಡು ಮುಟ್ಟೆನೆಂದು ನೀವು ಹಟ ಹಿಡಿಯುವ ಆ ಗವಸು ಬೆಳಿಗ್ಗೆಯೇ ಕೊರಿಯರ್‌ನಲ್ಲಿ ಸಿಯಾಟಲ್‌ಗೆ ಹೊರಟಿತು, ನಿಮ್ಮದೇ ಹೆಸರಿಗೆ. ಬೇಕಿದ್ದರೆ ಹೋಗಿ ತಗೊಳ್ಳಿ. ಕಟ್ಟುವ ಮುಂಚೆ ಒಮ್ಮೆ ನನ್ನ ಕೈಗೆ ಹಾಕಿ ನೋಡಿದೆ. ಒಳಗೆ ನಿಮ್ಮ ಬೆರಳುಗಳ ಗುರುತು ಹಾಗೇ ಇತ್ತು. ನನ್ನವು ಎಲ್ಲೂ ಕೂರಲಿಲ್ಲ.